ಉಸಿರು ಕಟ್ಟಿದರೆ ಕೈ ಏಳುವುದಿಲ್ಲ

ನನ್ನ ಬಳಿ ಮೂರು ವರ್ಷದಿಂದ ಆತ್ಮರಕ್ಷಣೆ ಕಲಿಯುತ್ತಿದ್ದ ಹುಡುಗನೊಬ್ಬನ ಕೈ ಬಲು ಚುರುಕು. ಪ್ಯಾಡ್ ಹಿಡಿದು ನಿಂತರೆ ಅವನ ಏಟಿಗೆ ನನ್ನ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಒಂದು ಸಂಜೆ ತಾಲೀಮು ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟವನಿಗೆ, ಅವನು ಎಂದೂ ನೋಡಿರದ ಇನ್ನೊಬ್ಬ ತರಬೇತುದಾರರು ಬಾಗಿಲಲ್ಲೇ ಅಡ್ಡ ನಿಂತು, ಮುಖದ ಹತ್ತಿರ ಮುಖ ತಂದು ಗದರಿಸತೊಡಗಿದರು. ಇಂಥ ಪರೀಕ್ಷೆ ಯಾವತ್ತಾದರೂ ಬಂದೀತು ಎಂದು ಮೊದಲೇ ಹೇಳಿ, ಅವನ ಒಪ್ಪಿಗೆಯನ್ನೂ ಪಡೆದಿದ್ದೆ. ಆದರೂ ಹುಡುಗ ನಿಂತಲ್ಲೇ ನಿಂತುಬಿಟ್ಟ. ಚೀಲದ ಪಟ್ಟಿ ಹಿಡಿದ ಕೈ ಅಲ್ಲಾಡಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಎದೆಯನ್ನು. ಅದು ಏರಲೂ ಇಲ್ಲ, ಇಳಿಯಲೂ ಇಲ್ಲ.

"ಸರ್, ಎಲ್ಲಾ ಗೊತ್ತಿತ್ತು. ಒಂದೂ ನೆನಪಿಗೆ ಬರಲಿಲ್ಲ" ಎಂದ ಆಮೇಲೆ. ಕಣ್ಣು ತುಂಬಿತ್ತು.

ಜಂಘಾಬಲ ಉಡುಗಿತು ಅನ್ನುತ್ತೇವಲ್ಲ, ಅದು ಇದೇ. ಅದಕ್ಕೆ ಹೇಡಿತನ ಎಂದು ಹೆಸರಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಸ್ಟಾಕ್‌ಹೋಮ್‌ನ ಚಿಕಿತ್ಸಾ ಕೇಂದ್ರವೊಂದಕ್ಕೆ ಬಂದ ಸುಮಾರು 300 ಮಹಿಳೆಯರನ್ನು ಮಾತಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 70ರಷ್ಟು ಮಂದಿ ಆ ಹೊತ್ತಿನಲ್ಲಿ ದೇಹ ಮರಗಟ್ಟಿದ ಅನುಭವವನ್ನು ಹೇಳಿಕೊಂಡಿದ್ದರು. "ನೀನ್ಯಾಕೆ ಕಿರುಚಲಿಲ್ಲ?" ಎಂದು ಕೇಳುವ ಮುನ್ನ ಇದು ನೆನಪಿರಲಿ.

ಅಪಾಯ ಎದುರಾದಾಗ ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದರು. ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ಎದೆ ಡವಗುಟ್ಟುತ್ತದೆ, ತೊಡೆ, ತೋಳುಗಳ ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಬಾಯಿ ಒಣಗುತ್ತದೆ. ನೋಟ ಕಿರಿದಾಗಿ ಎದುರಿನವನ ಕೈ ಮಾತ್ರ ಕಾಣುತ್ತದೆ, ಪಕ್ಕದಲ್ಲಿರುವ ಅವನ ಜೊತೆಗಾರ ಕಾಣುವುದಿಲ್ಲ. ಬೆರಳುಗಳು ನಡುಗಿ, ದಿನವೂ ತೆರೆಯುವ ಬೀಗಕ್ಕೆ ಕೀಲಿ ಹಾಕುವುದೇ ದುಸ್ತರವಾಗುತ್ತದೆ. ಮಣಿಕಟ್ಟು ಹಿಡಿದು ಮೂರು ಕಡೆ ತಿರುಚುವ ಚೆಂದದ ಪಟ್ಟುಗಳನ್ನು ಹೊಸಬರಿಗೆ ನಾನು ಕಲಿಸದಿರುವುದಕ್ಕೆ ಇದೇ ಕಾರಣ. ಅಂಗೈಯಿಂದ ತಳ್ಳುವುದು, ಮೊಣಕೈ ಬೀಸುವುದು, ಓಡುವುದು: ನಡುಗುವ ದೇಹಕ್ಕೂ ಇಷ್ಟು ಒಲಿಯುತ್ತದೆ.

ಹಾಗಾದರೆ ಶಾಂತವಾಗಿರುವುದು ಹೇಗೆ? ಎದೆಬಡಿತ ನಿಮ್ಮ ಅಪ್ಪಣೆ ಕೇಳುವುದಿಲ್ಲ. ಹೆದರಿಕೆಯೂ ಅಷ್ಟೇ. ಇಷ್ಟೆಲ್ಲದರ ನಡುವೆ ನಿಮ್ಮ ಮಾತು ಕೇಳುವುದು ಒಂದೇ, ಉಸಿರು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ತುಸು ಹೆಚ್ಚುತ್ತದೆ. ಗಾಬರಿಯಾದವರು ಉಸಿರೆಳೆದು ಅಲ್ಲೇ ಹಿಡಿದುಬಿಡುತ್ತಾರೆ. ಆದ್ದರಿಂದ ನನ್ನ ಮೊದಲ ಪಾಠ ಏಟಿನದಲ್ಲ, ಉಸಿರು ಹೊರಹಾಕುವುದರದು. ಅದೂ ಸದ್ದು ಮಾಡಿಕೊಂಡು. "ದೂರ ನಿಲ್ಲು!" ಎಂದು ಹೊಟ್ಟೆಯಿಂದ ಕೂಗಿ ನೋಡಿ. ಉಸಿರು ಬಿಡದೆ ಕೂಗುವುದು ಸಾಧ್ಯವೇ ಇಲ್ಲ. ಕರಾಟೆಯವರು ಏಟಿನ ಜೊತೆ ಹಾಕುವ ಕೂಗಿನಲ್ಲೂ ಈ ಗುಟ್ಟಿದೆ. ಸುತ್ತಲಿನವರು ತಿರುಗಿ ನೋಡುತ್ತಾರೆ ಎಂಬುದು ಮೇಲಿನ ಲಾಭ.

ನಾಲ್ಕು ಎಣಿಸುತ್ತ ಎಳೆದುಕೊಳ್ಳಿ, ನಾಲ್ಕು ಎಣಿಸುತ್ತ ಬಿಡಿ ಎನ್ನುವ ಉಪದೇಶಕ್ಕೂ ಜಾಗವಿದೆ. ಆದರೆ ಅದು ಕೊರಳಪಟ್ಟಿ ಹಿಡಿದಾಗಿನ ಕೆಲಸವಲ್ಲ. ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿದಾಗ, ಲಿಫ್ಟಿನಲ್ಲಿ ಒಬ್ಬನ ನಡವಳಿಕೆ ಸರಿಯಿಲ್ಲ ಅನ್ನಿಸಿದಾಗ ಕೆಲವು ಸೆಕೆಂಡು ಸಿಗುತ್ತವೆ. ಆಗ ಎರಡು ಸಲ ಉದ್ದಕ್ಕೆ ಉಸಿರು ಬಿಟ್ಟು, ಕತ್ತು ತಿರುಗಿಸಿ ಎಡಬಲ ನೋಡಿ. ಕತ್ತು ತಿರುಗಿದರೆ ಕಿರಿದಾದ ನೋಟವೂ ತೆರೆದುಕೊಳ್ಳುತ್ತದೆ.

ಉಸಿರಿನ ನಂತರದ್ದು ತೀರ್ಮಾನ. ಅದನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಬೇಕು. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲಿ, ದೀಪ ಹೊತ್ತಿದಾಗ ಅದಕ್ಕೆ ತಕ್ಕ ಗುಂಡಿ ಒತ್ತಿಸುವ ಸರಳ ಪ್ರಯೋಗದಿಂದ ತೋರಿಸಿದರು. ಇಪ್ಪತ್ತು ವರಸೆ ಕಲಿತ ನನ್ನ ಹುಡುಗ ಆ ಸಂಜೆ ಇಪ್ಪತ್ತರಲ್ಲಿ ಒಂದನ್ನು ಆರಿಸಲಾರದೆ ಸೋತಿದ್ದ. ಪರ್ಸು ಕೇಳಿದರೆ ಪರ್ಸು ಕೊಡುತ್ತೇನೆ. ವಾಹನ ಹತ್ತು ಎಂದರೆ ಹತ್ತುವುದಿಲ್ಲ, ಕೂಗಿ ಓಡುತ್ತೇನೆ. ಮೈಮೇಲೆ ಕೈ ಹಾಕಿದರೆ ಮುಖಕ್ಕೆ ತಳ್ಳಿ ಓಡುತ್ತೇನೆ. ಇಷ್ಟನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ಹೇಳಿಕೊಳ್ಳುತ್ತ ಮೈಯಿಂದ ಮಾಡಿ. ಫೋನಿನಿಂದ ತುರ್ತು ಕರೆ ಹೋಗುವುದು ಹೇಗೆಂದು ಇವತ್ತೇ ನೋಡಿಕೊಳ್ಳಿ. ನಡುಗುವ ಬೆರಳಿಗೆ ಆಗ ಹೊಸ ಪಾಠ ಹತ್ತುವುದಿಲ್ಲ.

ಅಭ್ಯಾಸಕ್ಕೆ ಒಂದಿಷ್ಟು ಒತ್ತಡವೂ ಬೇಕು. ಓಡಿಸಿ ಏದುಸಿರು ಬರಿಸಿ, ಬೆಳಕು ಕಡಿಮೆ ಮಾಡಿ, ಗದ್ದಲದ ನಡುವೆ ಅದೇ ಒಂದು ಕೂಗು, ಅದೇ ಒಂದು ತಳ್ಳು. ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮೊದಲ ದಿನವೇ ಹೆದರಿಸಿದರೆ ಹೆದರಿಕೆಯನ್ನೇ ಕಲಿಸಿದಂತಾಗುತ್ತದೆ. ಹಿಂದೆ ಹಲ್ಲೆಗೆ ಒಳಗಾದವರ ವಿಷಯದಲ್ಲಂತೂ ಅವರು ಸಾಕೆಂದಲ್ಲಿಗೆ ನಿಲ್ಲಿಸಬೇಕು.

ಆರು ವಾರ ಕಳೆದ ಮೇಲೆ ಆ ಹುಡುಗನಿಗೆ ಮತ್ತೆ ಅದೇ ಬಾಗಿಲು, ಬೇರೊಬ್ಬ ಅಪರಿಚಿತ. ಒಂದು ಕ್ಷಣ ಅವನು ತಡೆದು ನಿಂತದ್ದನ್ನು ಕಂಡೆ. ಆಮೇಲೆ ಭುಜ ಕೆಳಗಿಳಿಯಿತು, ಚೀಲ ನೆಲಕ್ಕೆ ಬಿತ್ತು, ಎರಡೂ ಅಂಗೈ ಎದೆಮಟ್ಟಕ್ಕೆ ಬಂದವು. "ಹಿಂದಕ್ಕೆ ಸರಿ!" ಎಂಬ ಕೂಗು ಕೋಣೆ ತುಂಬಿತು. ಅವರು ಅರೆಹೆಜ್ಜೆ ಹಿಂದಾದದ್ದೇ ತಡ, ಹುಡುಗ ಪಕ್ಕದಿಂದ ನುಸುಳಿ ಹೊರಗೆ ಓಡಿದ್ದ. ಒಂದು ಏಟೂ ಬೀಳಲಿಲ್ಲ.

ತಿರುಗಿ ಬಂದು ನೀರಿನ ಬಾಟಲಿ ಎತ್ತಿಕೊಂಡ. ಕೈ ನಡುಗುತ್ತಿತ್ತು, ಮುಚ್ಚಳ ತಿರುಗಿಸಲು ಆಗಲಿಲ್ಲ. ಅಡ್ರಿನಲಿನ್ ಇಳಿಯಲು ಹೊತ್ತು ಹಿಡಿಯುತ್ತದೆ, ಕೂತುಕೋ ಎಂದು ಹೇಳಿ ನಾನೇ ತೆಗೆದುಕೊಟ್ಟೆ.