‘ಡಿಕ್ಲರೇಷನ್‌ನಲ್ಲಿ ಬಂದ ಗದ್ದೆ’ ಎಂದರೇನು?

ಪ್ರಶ್ನೆ: ನಮ್ಮ ಮನೆಯ ಹಿರಿಯರು ಕೆಳಗಿನ ಗದ್ದೆಯನ್ನು ‘ಡಿಕ್ಲರೇಷನ್‌ನಲ್ಲಿ ಬಂದದ್ದು’ ಎನ್ನುತ್ತಾರೆ. ಯಾರೂ ಕೊಂಡದ್ದಲ್ಲ, ಯಾರೂ ದಾನ ಕೊಟ್ಟದ್ದೂ ಅಲ್ಲ. ಹಾಗಾದರೆ ಅದು ಬಂದದ್ದು ಹೇಗೆ? ಐವತ್ತು ವರ್ಷ ಹಿಂದಿನ ಆ ಕಾಗದಗಳಿಗೆ ಈಗಲೂ ಬೆಲೆ ಇದೆಯೇ?

ಉತ್ತರ: ಕರಾವಳಿಯಿಂದಲೂ ಮಲೆನಾಡಿನಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಿಮ್ಮ ಅಜ್ಜ ಆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯ ಪ್ರಕಾರ ಗೇಣಿದಾರರ ಕೈಯಲ್ಲಿದ್ದ ಕೃಷಿಭೂಮಿಯೆಲ್ಲ ಆ ದಿನವೇ ಸರ್ಕಾರಕ್ಕೆ ಸೇರಿತು. ‘ಈ ಭೂಮಿಯನ್ನು ಉಳುತ್ತಿರುವವನು ನಾನು’ ಎಂದು ಅಜ್ಜ ನಮೂನೆ 7ರಲ್ಲಿ ಬರೆದುಕೊಟ್ಟರು. ಆ ಘೋಷಣೆಯೇ ಜನರ ಬಾಯಲ್ಲಿ ಡಿಕ್ಲರೇಷನ್ ಆಯಿತು. ಭೂನ್ಯಾಯ ಮಂಡಳಿ ಅದನ್ನು ಒಪ್ಪಿ ಅಧಿಭೋಗದ ಹಕ್ಕು, ಎಂದರೆ ಭೂಮಿಯನ್ನು ತನ್ನದಾಗಿ ಅನುಭವಿಸುವ ಹಕ್ಕು, ಕೊಟ್ಟಿತು.

ಕಾನೂನಿನ ಉತ್ತರ ಇಷ್ಟೇ. ಆದರೆ ಒಂದು ತಾರೀಖು ಇಷ್ಟು ಮನೆಗಳ ಹಣೆಬರಹ ಬದಲಿಸಿದ್ದು ಹೇಗೆ ಎಂಬುದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಪದ್ಧತಿಗಳಿದ್ದವು. ಮೂಲಗೇಣಿಯವನಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಹಕ್ಕಿತ್ತು. ಚಾಲಗೇಣಿಯವನಿಗೆ ಧಣಿ ಬಿಟ್ಟಷ್ಟು ದಿನ ಮಾತ್ರ. ಮಳೆ ಕೈಕೊಟ್ಟರೂ ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆಯಲೇಬೇಕು. ಘಟ್ಟದ ಮೇಲೆ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಶುರುವಾದದ್ದೇ ಅಳತೆಯ ವಿಷಯಕ್ಕೆ. ಗೇಣಿ ಅಳೆಯುವ ಕೊಳಗ ನ್ಯಾಯವಾದ ಅಳತೆಯದ್ದಾಗಿರಲಿ ಎಂದು ದೀವರ ಸಮುದಾಯದ ಒಕ್ಕಲುಗಳು ಕೇಳಿದರು. ಕೇಳಿದವರನ್ನು ಗದ್ದೆಯಿಂದ ಬಿಡಿಸಲಾಯಿತು. 1951ರ ಏಪ್ರಿಲ್‌ನಲ್ಲಿ ಅವರು ತಂಡ ತಂಡವಾಗಿ ಅದೇ ಗದ್ದೆಗಳಿಗೆ ಇಳಿದು ಬಂಧನಕ್ಕೆ ಒಳಗಾದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧಿತರಾದರು. ಒಂದು ಕೊಳಗದ ಗಾತ್ರದಿಂದ ಹೊರಟ ಮಾತು ‘ಭೂಮಿ ಯಾರದು’ ಎಂಬಲ್ಲಿಗೆ ಮುಟ್ಟಿತು.

ಇದಾಗಿ ಹತ್ತು ವರ್ಷಕ್ಕೆ, 1961ರಲ್ಲಿ, ಭೂಸುಧಾರಣಾ ಕಾಯ್ದೆ ಬಂತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆ ಬೇಕೆಂದು ಭೂಮಾಲೀಕರು ಜಮೀನಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಯಿತ್ತು. ಕಾಯ್ದೆ ಬರುತ್ತದೆಂದು ಗೊತ್ತಾದ ಮೇಲೆ ಜಾರಿಯಾಗುವತನಕ ವರ್ಷಗಳೇ ಸಿಕ್ಕಿದ್ದರಿಂದ ‘ನಾನಾಗಿಯೇ ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದಕ್ಕೆ ಒಕ್ಕಲಿನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸುಲಭವಾಯಿತು. ಧಣಿಯ ಅಂಗಳದಲ್ಲಿ ನಿಂತು ಮಾತಾಡುವವನಿಗೆ ಧಣಿಯ ವಿರುದ್ಧ ಹಕ್ಕು ಸಾಧಿಸು ಎಂದು ಹೇಳುವ ಕಾನೂನು ಎಷ್ಟು ದೂರ ನಡೆದೀತು?

ದೇವರಾಜ ಅರಸು ಅವರ ಸರ್ಕಾರದ ತಿದ್ದುಪಡಿ ಹಿಡಿದದ್ದು ಇದೇ ಗಂಟನ್ನು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಎಲ್ಲರಿಗೂ ನೆನಪಿದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಕಾಯ್ದೆಯ 44ನೇ ಕಲಂ. ಗೇಣಿದಾರ ಅರ್ಜಿ ಹಾಕುವುದಕ್ಕೂ ಮೊದಲೇ ಭೂಮಿ ಧಣಿಯ ಕೈಬಿಟ್ಟು ಸರ್ಕಾರಕ್ಕೆ ಸೇರಿಬಿಟ್ಟಿತ್ತು. ಒಕ್ಕಲು ಇನ್ನು ಕೇಳಬೇಕಾದದ್ದು ಧಣಿಯನ್ನಲ್ಲ, ಸರ್ಕಾರವನ್ನು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಮುಂದೆ ಯಾರೂ ಭೂಮಿಯನ್ನು ಗೇಣಿಗೆ ಕೊಡುವಂತೆಯೂ ಇರಲಿಲ್ಲ.

ವಿಚಾರಣೆಯನ್ನು ಸಿವಿಲ್ ಕೋರ್ಟಿನ ಕೈಗೆ ಕೊಡದೆ ಪ್ರತ್ಯೇಕ ಭೂನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿ ಚೀಟಿ ಇದ್ದವನು ಚೀಟಿ ತೋರಿಸಿದ, ಇಲ್ಲದವನ ಪರವಾಗಿ ನೆರೆಯ ಗದ್ದೆಯವನು ಸಾಕ್ಷಿ ಹೇಳಿದ. ಪಹಣಿಯ ಸಾಗುವಳಿ ಕಲಂನಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಎಂದು ಎಷ್ಟೋ ಜನ ಮೊದಲ ಬಾರಿಗೆ ವಿಚಾರಿಸಿದ್ದು ಆಗಲೇ. ಧಣಿ ಕುರ್ಚಿಯಲ್ಲಿ ಕುಳಿತರೆ ಒಕ್ಕಲು ನೆಲದಲ್ಲಿ ಕೂರುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ನಿಂತು ಮಾತಾಡಬೇಕಾಯಿತು. ಮಂಡಳಿಗಳಲ್ಲಿ ತಪ್ಪುಗಳಾದವು, ಪಕ್ಷಪಾತದ ದೂರುಗಳೂ ಬಂದವು, ಎಷ್ಟೋ ಆದೇಶಗಳು ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ಬಂದವು. ಆದರೂ ಆ ಕೋಣೆ ಮಾಡಿದ ಕೆಲಸವನ್ನು ನಾನು ಕಡಿಮೆ ಎಣಿಸಲಾರೆ.

ಇನ್ನೊಂದು ಬದಿಯನ್ನೂ ಹೇಳಬೇಕು. ಗಂಡನಿಲ್ಲದ ಹೆಂಗಸೊಬ್ಬಳು ಉಳುವ ಕೈ ಇಲ್ಲದೆ ಎರಡೆಕರೆಯನ್ನು ಗೇಣಿಗೆ ಕೊಟ್ಟಿದ್ದರೆ ಅದೂ ಹೋಯಿತು. ಅವಳಿಗೆ ಬಂದ ಪರಿಹಾರ ಭೂಮಿಯ ಬೆಲೆಯ ಹತ್ತಿರಕ್ಕೂ ಬರುವಂಥದ್ದಾಗಿರಲಿಲ್ಲ. ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗಾದರೋ ಎಷ್ಟು ಭೂಮಿ ಇಟ್ಟುಕೊಳ್ಳಬಹುದು ಎಂಬ ಮಿತಿಯಿಂದ ವಿನಾಯಿತಿ ಸಿಕ್ಕಿತು. ಗೇಣಿದಾರನೂ ಅಲ್ಲದ, ಕೂಲಿಗೆ ಉತ್ತು ನೆಟ್ಟು ಕೊಯ್ಯುತ್ತಿದ್ದವರಿಗೆ ನಮೂನೆ 7 ತುಂಬುವ ಅರ್ಹತೆಯೇ ಇರಲಿಲ್ಲ. ಅವರಲ್ಲಿ ಬಹುಪಾಲು ದಲಿತರು. ತಾವು ವಾಸವಿದ್ದ ಮನೆಯ ಅಡಿಯ ಜಾಗಕ್ಕೆ ಕಾಯ್ದೆ ಹಕ್ಕು ಕೊಟ್ಟಿತು, ತಾವು ಬೆವರು ಹರಿಸಿದ ಗದ್ದೆಗಲ್ಲ. ಈ ಕೊರತೆ ನನ್ನನ್ನು ಈಗಲೂ ಕಾಡುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಬೆಲೆ ಖಂಡಿತ ಇದೆ. ಮೊದಲು ನಮೂನೆ 7ರಲ್ಲಿ ಯಾರ ಹೆಸರಿದೆ ನೋಡಿ. ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಹೆಸರಿರುತ್ತದೆ. ನಾಟಿ ಮಾಡಿದವರು, ಕಳೆ ಕಿತ್ತವರು ಹೆಂಗಸರು. ಕಾಗದದಲ್ಲಿ ಅವರು ಕಾಣುವುದು ಅಪರೂಪ. ಆ ಗೇಣಿ ಅಜ್ಜ ಒಬ್ಬರದೇ, ಅಥವಾ ಕೂಡುಕುಟುಂಬದ್ದೇ? ಇಂದಿನ ಪಾಲು ದಾವೆಗಳಲ್ಲಿ, ತಮ್ಮಂದಿರ ಮತ್ತು ಹೆಣ್ಣುಮಕ್ಕಳ ಹಕ್ಕಿನ ವಾದಗಳಲ್ಲಿ ಕೋರ್ಟು ಕೇಳುವುದು ಇದನ್ನೇ. ಅರ್ಜಿಯಲ್ಲಿ ಏನು ಬರೆದಿತ್ತು, ಮಂಡಳಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿ ಏನಿತ್ತು ಎಂಬುದರ ಮೇಲೆ ತೀರ್ಪು ಆ ಕಡೆಗೋ ಈ ಕಡೆಗೋ ವಾಲುತ್ತದೆ.

ಎರಡನೆಯದು, ಮಂಡಳಿಯ ಅಂತಿಮ ಆದೇಶದ ದಿನಾಂಕ. ಅಲ್ಲಿಂದ 15 ವರ್ಷ ಆ ಭೂಮಿಯನ್ನು ಮಾರುವಂತಿರಲಿಲ್ಲ, ಕುಟುಂಬದೊಳಗೆ ಪಾಲು ಮಾಡಿಕೊಳ್ಳಲು ಅವಕಾಶವಿತ್ತು. ಆ ಅವಧಿಯಲ್ಲಿ ಯಾರಾದರೂ ಕ್ರಯಪತ್ರ ಮಾಡಿಸಿದ್ದರೆ ಅದು ಈಗಲೂ ತೊಡಕು. 1979ರ ಜೂನ್ 30ರ ಗಡುವು ತಪ್ಪಿಸಿಕೊಂಡವರಿಗೆ 1990ರ ದಶಕದ ಕೊನೆಯಲ್ಲಿ ನಮೂನೆ 7ಎ ಮೂಲಕ ಇನ್ನೊಂದು ಅವಕಾಶ ಸಿಕ್ಕಿತ್ತು. ನಿಮ್ಮದು ಯಾವ ನಮೂನೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

2020ರ ತಿದ್ದುಪಡಿಯಿಂದ ಈ ಹಕ್ಕು ಹೋಯಿತೇ ಎಂದು ಹೆದರುವವರಿದ್ದಾರೆ. ಹೋಗಿಲ್ಲ. ಆಗ ತೆಗೆದುಹಾಕಿದ್ದು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು. ಅವು ಸೇರಿದ್ದು ಅದೇ 1974ರ ತಿದ್ದುಪಡಿಯಲ್ಲಿ, ರದ್ದಾದದ್ದೂ 1974ರ ಮಾರ್ಚ್ 1ರಿಂದಲೇ ಪೂರ್ವಾನ್ವಯವಾಗುವಂತೆ. ನಿಮ್ಮ ಅಜ್ಜನ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ. ಆದರೆ ಆ ಗದ್ದೆಯ ಮೇಲೆ ಈಗ ಕಣ್ಣು ಹಾಕಬಲ್ಲವರ ಸಂಖ್ಯೆ ಹೆಚ್ಚಿದೆ, ದುಡ್ಡಿನ ಬಲವೂ ಅವರ ಕಡೆಗಿದೆ. ಈ ಬದಲಾವಣೆ ನನಗೆ ಸರಿ ಕಾಣುವುದಿಲ್ಲ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಟ್ಟು ನಮೂನೆ 7, ಮಂಡಳಿಯ ಆದೇಶ, ನಮೂನೆ 10ರ ಅಧಿಭೋಗದ ಪ್ರಮಾಣಪತ್ರ, ಈ ಮೂರರ ದೃಢೀಕೃತ ನಕಲು ಪಡೆದುಕೊಳ್ಳಿ. ಹಳೆಯ ಕಡತಗಳ ಅಂಚು ಉದುರುತ್ತಿರುತ್ತದೆ, ತಡ ಮಾಡಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಹತ್ತಿರ ಕುಳಿತು, ಧಣಿಯ ಮನೆಗೆ ಕೊನೆಯ ಬಾರಿ ಗೇಣಿ ಹೊತ್ತು ಹಾಕಿದ್ದು ಯಾವ ವರ್ಷ, ಹೊತ್ತವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ.