ತೊಗರಿ ದರದ ಪುಟ ಏಕೆ ತೆರೆಯಲಿಲ್ಲ?

ಕಲಬುರಗಿಯಲ್ಲಿ ಸಂಜೆ ಹೊತ್ತು ನನ್ನ ಬಳಿ ಜಾವಾ ಕಲಿಯುವ ವಿದ್ಯಾರ್ಥಿಗಳು ಈ ಸಲ ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಬಳಸಿ ತೊಗರಿಯ ದಿನದ ದರ ತೋರಿಸುವ ಜಾಲತಾಣ ಕಟ್ಟಿದರು. ಕೋಡ್ ಕಂಪೈಲ್ ಆಯಿತು, ಸರ್ವರ್ ಎದ್ದು ನಿಂತಿತು, ಲಾಗ್‌ನಲ್ಲಿ ಒಂದು ದೋಷವೂ ಇರಲಿಲ್ಲ. ದರದ ಪುಟ ಕೇಳಿದರೆ ಮಾತ್ರ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. "ಸರ್, ಕಂಟ್ರೋಲರ್ ಕ್ಲಾಸ್ ಇಲ್ಲೇ ಇದೆಯಲ್ಲ, ಸ್ಪ್ರಿಂಗ್‌ಗೆ ಅದು ಕಾಣುವುದಿಲ್ಲವೇ?" ಎಂದು ಒಬ್ಬಳು ಕೇಳಿದಳು. ಕಂಟ್ರೋಲರ್ ಎಂದರೆ ಒಂದು ವಿಳಾಸಕ್ಕೆ ಬಂದ ಕೋರಿಕೆಗೆ ಉತ್ತರ ಕೊಡುವ ಕ್ಲಾಸ್. ಈ ಪ್ರಶ್ನೆಗೆ ಉತ್ತರ ಬೇಕೆಂದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಒಂದು ಪ್ಯಾಕೇಜ್‌ನಲ್ಲಿ (ಕ್ಲಾಸ್‌ಗಳನ್ನು ಗುಂಪಾಗಿ ಇಡುವ ಜಾಗ) ಯಾವ ಯಾವ ಕ್ಲಾಸ್‌ಗಳಿವೆ ಎಂದು ಕೇಳಿ ತಿಳಿಯುವ ನೇರ ಸೌಲಭ್ಯ ಜಾವಾದಲ್ಲಿ ಇಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ಎಲ್ಲವನ್ನೂ ಕೈಯಿಂದಲೇ ಬರೆದುಕೊಡಬೇಕಾಗಿತ್ತು. 2004ರ ಮಾರ್ಚ್‌ನಲ್ಲಿ ಬಂದ ಸ್ಪ್ರಿಂಗ್ 1.0ರಲ್ಲಿ ಸಾಮಾನ್ಯವಾಗಿ ಪ್ರತಿ ಕಂಟ್ರೋಲರ್ ಎಕ್ಸ್‌ಎಂಎಲ್ ಕಡತದಲ್ಲಿ ಒಂದು ಬೀನ್, ಅಂದರೆ ಸ್ಪ್ರಿಂಗ್ ಹುಟ್ಟಿಸಿ ನೋಡಿಕೊಳ್ಳುವ ವಸ್ತು. ಅದು ಯಾವ ವಿಳಾಸಕ್ಕೆ ಉತ್ತರಿಸಬೇಕು ಎಂಬುದೂ ಅಲ್ಲಿಯೇ. ಬರೆದು ಬರೆದು ಕೈ ಸೋಲುತ್ತಿತ್ತು, ನಿಜ. ಆದರೂ ಕಡತ ತೆರೆದರೆ ಲೆಕ್ಕವೆಲ್ಲ ಕಣ್ಣೆದುರಿಗಿರುತ್ತಿತ್ತು.

ಅದೇ ವರ್ಷ ಜಾವಾ 5 ಅನೋಟೇಶನ್‌ಗಳನ್ನು, ಅಂದರೆ ಕೋಡ್‌ಗೆ ಅಂಟಿಸುವ ಗುರುತುಗಳನ್ನು, ತಂದಿತು. 2007ರ ನವೆಂಬರ್‌ನಲ್ಲಿ ಸ್ಪ್ರಿಂಗ್ 2.5 ಅವನ್ನು ಬಳಸಿಕೊಂಡು, ಕ್ಲಾಸ್‌ನ ಮೇಲೆ ಕಂಟ್ರೋಲರ್ ಎಂಬ ಗುರುತು ಹಾಕಿ, ಹುಡುಕಬೇಕಾದ ಪ್ಯಾಕೇಜ್‌ನ ಹೆಸರು ಕೊಟ್ಟರೆ ಸಾಕು ಎಂದಿತು. ಆ ಪ್ಯಾಕೇಜ್‌ನ ಕ್ಲಾಸ್ ಕಡತಗಳ ಬೈಟ್‌ಕೋಡ್ (ಕಂಪೈಲ್ ಆದ ರೂಪ) ಅನ್ನು ಸ್ಪ್ರಿಂಗ್ ತಾನೇ ಓದಿ ಗುರುತಿರುವವನ್ನು ಆರಿಸಿಕೊಳ್ಳುತ್ತದೆ. ಅದಕ್ಕಾಗಿ ಎಲ್ಲ ಕ್ಲಾಸ್‌ಗಳನ್ನೂ ಲೋಡ್ ಮಾಡುವುದಿಲ್ಲ. ನಮ್ಮ ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ: ಪ್ರಾಂಗಣಕ್ಕೆ ಬಾರದ ತೊಗರಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ದರ ಕಟ್ಟುವವರಿಲ್ಲ.

ಕಷ್ಟ ಹೆಚ್ಚಾದದ್ದು ಪ್ರಾಂಗಣಗಳು ಎರಡಾದಾಗ. ಹಳೆಯ ರೀತಿಯ ಸ್ಪ್ರಿಂಗ್ ಅಪ್ಲಿಕೇಶನ್‌ನಲ್ಲಿ ಎರಡು ಕಾಂಟೆಕ್ಸ್ಟ್‌ಗಳು, ಅಂದರೆ ಬೀನ್‌ಗಳನ್ನು ಇಟ್ಟುಕೊಳ್ಳುವ ಕಣಜಗಳು, ಇರುತ್ತವೆ. ಸರ್ವಿಸ್, ಡೇಟಾಬೇಸ್ ಕೆಲಸದ ಬೀನ್‌ಗಳು ಮೂಲ ಕಾಂಟೆಕ್ಸ್ಟ್‌ನಲ್ಲಿ. ಕಂಟ್ರೋಲರ್‌ಗಳು, ಬಂದ ಕೋರಿಕೆಯನ್ನು ಅವುಗಳಿಗೆ ತಲುಪಿಸುವ ಡಿಸ್ಪ್ಯಾಚರ್ ಸರ್ವ್ಲೆಟ್‌ನ ಕಾಂಟೆಕ್ಸ್ಟ್‌ನಲ್ಲಿ. ಮೂಲದ್ದು ತಾಯಿ, ಇದು ಮಗು. ಮಗು ಕಾಂಟೆಕ್ಸ್ಟ್ ತಾಯಿಯ ಬೀನ್‌ಗಳನ್ನು ಬಳಸಿಕೊಳ್ಳಬಲ್ಲದು. ಆದರೆ ವಿಳಾಸ ಜೋಡಿಸುವ ಭಾಗವು ಕಂಟ್ರೋಲರ್‌ಗಳನ್ನು ಸಾಮಾನ್ಯವಾಗಿ ತನ್ನ ಕಾಂಟೆಕ್ಸ್ಟ್‌ನೊಳಗೆ ಮಾತ್ರ ಹುಡುಕುತ್ತದೆ. ಕಂಟ್ರೋಲರ್‌ಗಳ ಪ್ಯಾಕೇಜ್ ಅನ್ನು ಮೂಲ ಕಾಂಟೆಕ್ಸ್ಟ್ ಮಾತ್ರ ಸ್ಕ್ಯಾನ್ ಮಾಡಿದರೆ ಬೀನ್ ಹುಟ್ಟುತ್ತದೆ, ಪುಟ ಸಿಗುವುದಿಲ್ಲ. ಎಲ್ಲ ಪ್ಯಾಕೇಜ್‌ಗಳನ್ನೂ ಎರಡೂ ಕಡೆ ಸ್ಕ್ಯಾನ್ ಮಾಡಿದರೆ ಇನ್ನೂ ಕೆಟ್ಟದ್ದು: ಒಂದೇ ಸರ್ವಿಸ್ ಎರಡು ಬಾರಿ ಹುಟ್ಟಿ, ಟ್ರಾನ್ಸಾಕ್ಷನ್ (ಡೇಟಾಬೇಸ್ ಕೆಲಸ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕಟ್ಟು) ಇಲ್ಲದ ನಕಲು ಕಂಟ್ರೋಲರ್‌ನ ಕೈಗೆ ಸಿಗಬಹುದು. ಅದಕ್ಕಾಗಿಯೇ ಹಳೆಯ ಪ್ರಾಜೆಕ್ಟ್‌ಗಳಲ್ಲಿ ಒಂದು ಕಡೆ ಕಂಟ್ರೋಲರ್‌ಗಳನ್ನು ಬಿಡುವ, ಇನ್ನೊಂದು ಕಡೆ ಅವನ್ನಷ್ಟೇ ಸೇರಿಸುವ ಫಿಲ್ಟರ್‌ಗಳು ಕಾಣುತ್ತವೆ. ಅರ್ಥ ತಿಳಿಯದೆ ಆ ಸಾಲುಗಳನ್ನು ಅಳಿಸಿ ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ನಾನು ಕಂಡಿದ್ದೇನೆ.

2011ರ ಸ್ಪ್ರಿಂಗ್ 3.1ರ ಹೊತ್ತಿಗೆ ಇಡೀ ಸಂರಚನೆಯನ್ನು ಜಾವಾದಲ್ಲೇ ಬರೆಯುವಂತಾಯಿತು. 2014ರಲ್ಲಿ, ಸ್ಪ್ರಿಂಗ್‌ನ ಸಂರಚನೆಯನ್ನು ಬಹಳಷ್ಟು ತಾನೇ ಮಾಡಿಕೊಡುವ ಸ್ಪ್ರಿಂಗ್ ಬೂಟ್ ಬಂದ ಮೇಲೆ ಪ್ಯಾಕೇಜ್‌ನ ಹೆಸರು ಹೇಳುವ ಕೆಲಸವೂ ಬಹುಮಟ್ಟಿಗೆ ತಪ್ಪಿತು. ಮುಖ್ಯ ಕ್ಲಾಸ್ ಇರುವ ಪ್ಯಾಕೇಜ್ ಮತ್ತು ಅದರ ಒಳಗಿನವುಗಳನ್ನು ಅದು ತಾನಾಗಿ ನೋಡುತ್ತದೆ. 2022ರ ಸ್ಪ್ರಿಂಗ್ 6 ಇನ್ನೊಂದು ಬಾಗಿಲು ಮುಚ್ಚಿತು. ಅಲ್ಲಿಯವರೆಗೆ ಕ್ಲಾಸ್‌ನ ಮೇಲೆ ರಿಕ್ವೆಸ್ಟ್ ಮ್ಯಾಪಿಂಗ್ (ವಿಳಾಸ ಹೇಳುವ ಗುರುತು) ಒಂದೇ ಇದ್ದ ಬೀನ್ ಕೂಡ ಕಂಟ್ರೋಲರ್ ಎನಿಸಿಕೊಳ್ಳುತ್ತಿತ್ತು; ಈಗ ಕಂಟ್ರೋಲರ್ ಗುರುತು ಕಡ್ಡಾಯ.

ನಮ್ಮ ವಿದ್ಯಾರ್ಥಿಗಳು ಮುಖ್ಯ ಕ್ಲಾಸ್ ಅನ್ನು 'ತೊಗರಿ.ಆರಂಭ' ಪ್ಯಾಕೇಜ್‌ನಲ್ಲೂ ಕಂಟ್ರೋಲರ್ ಅನ್ನು 'ತೊಗರಿ.ದರ' ಪ್ಯಾಕೇಜ್‌ನಲ್ಲೂ ಇಟ್ಟಿದ್ದರು. ಅಕ್ಕಪಕ್ಕದ ಮನೆಗಳು, ಒಂದರೊಳಗೆ ಒಂದಲ್ಲ. ಹಾಗಾಗಿ ಬೂಟ್ ದರದ ಪ್ಯಾಕೇಜ್ ಅನ್ನು ನೋಡಲೇ ಇಲ್ಲ. ಹಿಂದೆ ಸರ್ವರ್ ಏಳುವಾಗಲೇ ಯಾವ ವಿಳಾಸಕ್ಕೆ ಯಾವ ಮೆಥಡ್ ಎಂಬುದು ಲಾಗ್‌ನಲ್ಲಿ ಬರುತ್ತಿತ್ತು, 2018ರ ಸ್ಪ್ರಿಂಗ್ 5.1ರಿಂದ ಅದನ್ನು ಟ್ರೇಸ್ ಮಟ್ಟಕ್ಕೆ, ಅಂದರೆ ಸಾಮಾನ್ಯವಾಗಿ ಮುಚ್ಚಿರುವ ಅತಿ ವಿವರದ ಲಾಗ್‌ಗೆ, ಇಳಿಸಿದ್ದಾರೆ. ಆ ಮಟ್ಟವನ್ನು ತೆರೆದು ನೋಡಿದೆವು. ಪಟ್ಟಿಯಲ್ಲಿ ದರದ ಕ್ಲಾಸ್ ಇರಲೇ ಇಲ್ಲ. ಪ್ರಶ್ನೆ ಕೇಳಿದವಳೇ ಮುಖ್ಯ ಕ್ಲಾಸ್ ಅನ್ನು ಒಂದು ಮೆಟ್ಟಿಲು ಮೇಲೆ, 'ತೊಗರಿ' ಪ್ಯಾಕೇಜ್‌ಗೆ ತಂದಿಟ್ಟಳು. ಪುಟ ತೆರೆಯಿತು.