ಸೊಂಟದ ರಿಂಗಿಗೆ ಹಗ್ಗ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಅಡಕೆ ತೋಟ. ಕೊನೆ (ಅಡಕೆ ಗೊನೆ) ಕೊಯ್ಯುವವರಿಗೆ, ಕೊಳೆ ರೋಗದ ಮದ್ದು ಹೊಡೆಯುವವರಿಗೆ ಇರಲಿ ಎಂದು ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ) ತರಿಸಿದ್ದೇವೆ. ಬೆನ್ನಿಗೊಂದು, ಎದೆಗೊಂದು, ಸೊಂಟದ ಎರಡು ಬದಿಗೆ ಒಂದೊಂದು ರಿಂಗ್ ಇದೆ. ಹತ್ತುವವರು ಸೊಂಟದ ರಿಂಗಿಗೇ ಹಗ್ಗ ಸಿಕ್ಕಿಸಿ ಮರ ಬಳಸಿಕೊಳ್ಳುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಸೊಂಟದ ರಿಂಗ್ ಇರುವುದು ಮರಕ್ಕೆ ಒರಗಿ ನಿಂತು ಎರಡೂ ಕೈ ಬಿಡುವುದಕ್ಕೆ. ಬಿದ್ದವರನ್ನು ಹಿಡಿಯುವ ಕೆಲಸ ಅದರದ್ದಲ್ಲ. ಅಲ್ಲಿಗೆ ಜರ್ಕು ಬಂದರೆ ಇಡೀ ಭಾರ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ, ದೇಹ ನಡುವಿನಲ್ಲಿ ಮಡಚುತ್ತದೆ, ತಲೆಕೆಳಗಾಗುವುದೂ ಉಂಟು. ಆ ಎರಡು ರಿಂಗುಗಳನ್ನು ಯಾವಾಗಲೂ ಜೋಡಿಯಾಗಿಯೇ ಬಳಸಬೇಕು: ಒಂದರಿಂದ ಹೊರಟ ಹಗ್ಗ ಮರ ಸುತ್ತಿ ಇನ್ನೊಂದಕ್ಕೆ ಬರಬೇಕು. ಹಗ್ಗ ಸೊಂಟಕ್ಕಿಂತ ಕೆಳಗೆ ಇಳಿಯಬಾರದು, ಜಾರಿದರೂ 60 ಸೆಂಟಿಮೀಟರಿಗಿಂತ ಹೆಚ್ಚು ಬೀಳದಷ್ಟು ಬಿಗಿಯಾಗಿರಬೇಕು.

ಬೀಳುವಾಗ ಹಿಡಿಯುವ ರಿಂಗ್ ಯಾವುದೆಂದು ಹಾರ್ನೆಸ್ಸೇ ಹೇಳುತ್ತದೆ. ರಿಂಗಿನ ಪಕ್ಕದ ಪಟ್ಟಿಯ ಮೇಲೆ ಇಂಗ್ಲಿಷಿನ ‘ಎ’ ಅಕ್ಷರ ಹೊಲಿದಿದ್ದರೆ ಅದು ಆ ಕೆಲಸದ್ದು. ‘ಎ/2’ ಎಂದಿದ್ದರೆ ಅರ್ಧ ಮಾತ್ರ. ಅಂಥ ಎರಡು ಕುಣಿಕೆಗಳನ್ನು ಒಟ್ಟಿಗೆ ಸೇರಿಸಿಯೇ ಕೊಕ್ಕೆ ಹಾಕಬೇಕು. ಅಕ್ಷರವೇ ಇಲ್ಲದ, ಕತ್ತಿ ನೇತುಹಾಕುವ ಸಣ್ಣ ಕುಣಿಕೆಗಳು ಕೆಲವು ಕಿಲೋ ಸಾಮಾನು ಹೊರಲಷ್ಟೇ. ಲೇಬಲ್ಲಿನಲ್ಲಿ ಐಎಸ್ 3521 (ಭಾರತದ ಮಾನದಂಡ) ಅಥವಾ ಇಎನ್ 361 (ಯುರೋಪಿನದ್ದು) ಇದೆಯೇ ನೋಡಿ. ಇಎನ್ 358 ಒಂದೇ ಇದ್ದರೆ ಅದು ಒರಗಿ ನಿಲ್ಲುವ ಬೆಲ್ಟ್, ಅಷ್ಟೆ.

ಬೆನ್ನು, ಎದೆ ಎರಡಕ್ಕೂ ‘ಎ’ ಇದ್ದರೆ ಅಡಕೆ ಮರಕ್ಕೆ ಎದೆಯದ್ದೇ ಸರಿ. ಮರ ಇರುವುದು ಮುಂದೆ. ಬೆನ್ನಿನ ರಿಂಗಿನಿಂದ ಬರುವ ಹಗ್ಗ ಭುಜಕ್ಕೆ, ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ, ಉದ್ದವೂ ಬೇಕಾಗುತ್ತದೆ. ಕಟ್ಟಡ ಕೆಲಸದವರ 2 ಮೀಟರ್ ಹಗ್ಗವನ್ನು ತಂದು ಮರಕ್ಕೆ ಬಳಸುವುದೂ ಬೇಡ. ಅದರ ಶಾಕ್ ಅಬ್ಸಾರ್ಬರ್ (ಜರ್ಕು ತಡೆಯುವ ಮಡಿಕೆ ಪಟ್ಟಿ) ಪೂರ್ತಿ ಬಿಚ್ಚಿಕೊಂಡು ಆಳು ನಿಲ್ಲುವಷ್ಟರಲ್ಲಿ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು.

ಇನ್ನು ಮರದ ಕಡೆಯ ತುದಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಅಡಕೆ ಮರಕ್ಕೆ ಟೊಂಗೆಯಿಲ್ಲ, ಮಳೆಗಾಲದಲ್ಲಿ ಪಾಚಿ ಹಿಡಿದು ನುಣ್ಣಗಿರುತ್ತದೆ. ಸುಮ್ಮನೆ ಬಳಸಿದ ಹಗ್ಗ ಆಳಿನ ಜೊತೆಗೇ ಬುಡದವರೆಗೆ ಜಾರಿ ಬರುತ್ತದೆ. ಸೋಗೆಗೆ ಕಟ್ಟುವುದಂತೂ ಬೇಡವೇ ಬೇಡ, ಹಾಳೆ ಸಮೇತ ಕಳಚೀತು. ಬೇಕಾದ್ದು ಜೀರುಗುಣಿಕೆ. ನೇಯ್ದ ಪಟ್ಟಿಯನ್ನು ಮರಕ್ಕೆ ಎರಡು ಸುತ್ತು ಹಾಕಿ, ಒಂದು ತುದಿಯನ್ನು ಇನ್ನೊಂದರ ಕುಣಿಕೆಯೊಳಗಿಂದ ತೂರಿಸಿ ಎಳೆದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ. ಆ ತುದಿ ಎದೆಯ ರಿಂಗಿಗೆ. ಕುಣಿಕೆ ಎದೆಗಿಂತ ಮೇಲೇ ಇರಲಿ, ಸಡಿಲ ಉಳಿಯದಿರಲಿ. ಹತ್ತುವಾಗ ಮೊದಲು ಸೊಂಟದ ಹಗ್ಗ ಸರಿಸಿ, ಆಮೇಲೆ ಜೀರುಗುಣಿಕೆ. ಎರಡನ್ನೂ ಒಟ್ಟಿಗೆ ಬಿಚ್ಚುವ ಹೊತ್ತೇ ಬರಬಾರದು. ಕತ್ತಿ ಬೀಸುವಾಗಲೂ ಎರಡೂ ಇರಬೇಕು, ಒಂದಕ್ಕೆ ಕತ್ತಿ ತಾಗಿದರೆ ಇನ್ನೊಂದು ಉಳಿಯುತ್ತದೆ.

ಮೊದಲ ಸಲ ಕಟ್ಟಿದಾಗ ನೆಲದಿಂದ ಎರಡು ಅಡಿ ಎತ್ತರದಲ್ಲೇ ಕಾಲು ಬಿಟ್ಟು ಪೂರ್ತಿ ಭಾರ ಹಾಕಿ ನೋಡಿ. ಮರಕ್ಕೆ ನೀರು ಸುರಿದು ಇನ್ನೊಮ್ಮೆ. ಒಂದು ಗೇಣು ಜಾರಿದರೂ ಇನ್ನೊಂದು ಸುತ್ತು ಸೇರಿಸಿ. ತೊಡೆಯ ಪಟ್ಟಿಯೊಳಗೆ ಚಾಚಿದ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು.

ಹಗ್ಗ ಸಿಕ್ಕಿಸುವ ಕೊಕ್ಕೆಯಾದ ಕ್ಯಾರಾಬಿನರ್‌ನ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಅಂಕಿ ಕೊರೆದಿರುತ್ತದೆ: ಉದ್ದಕ್ಕೆ 22 ಎಂದಿದ್ದರೆ ಅಡ್ಡಕ್ಕೆ, ಬಾಯಿ ತೆರೆದಾಗ 7ರ ಆಸುಪಾಸು. 22 ಕಿಲೋನ್ಯೂಟನ್ ಅಂದರೆ ಸುಮಾರು 2,200 ಕಿಲೋ ಭಾರ. ಅಡ್ಡ ತಿರುಗಿದರೆ ಅದರ ಮೂರನೇ ಒಂದು ಪಾಲೂ ಕಷ್ಟ. ಹಾಗಾಗಿ ಬಾಯಿ ಲಾಕ್ ಆಗುವಂಥದ್ದೇ ಬೇಕು, ಸಿಕ್ಕಿಸಿದ ಮೇಲೆ ಒಮ್ಮೆ ಒತ್ತಿ ನೋಡಬೇಕು.

ಮರದಿಂದ ಮರಕ್ಕೆ ದಾಟುವ ಕೊನೆಗೌಡರು (ಕೊನೆ ಕೊಯ್ಯುವವರು) ಕೇಳಿಯೇ ಕೇಳುತ್ತಾರೆ: ಇದನ್ನು ಹಾಕಿಕೊಂಡು ದಾಟುವುದು ಹೇಗೆ? ದಾಟುವಂತಿಲ್ಲ. ಬಿಚ್ಚಿ ದಾಟಿದರೆ ಅಷ್ಟು ಹೊತ್ತು ಯಾವ ಆಧಾರವೂ ಇಲ್ಲ. ಎರಡೂ ಮರಕ್ಕೆ ಕಟ್ಟಿಕೊಂಡರೆ ಬಾಗಿದ ಮರಗಳು ಎರಡು ಕಡೆಗೆ ಎಳೆಯುತ್ತವೆ. ಇಳಿದು ಹತ್ತಬೇಕು, ಕೆಲಸ ನಿಧಾನವಾಗುತ್ತದೆ. ಅದು ಒಪ್ಪದ ತೋಟಕ್ಕೆ ಕಾರ್ಬನ್ ಫೈಬರ್ ದೋಟಿಯೇ ವಾಸಿ. ಬುಡದಲ್ಲಿ ಅಣಬೆ ಎದ್ದ ಮರಕ್ಕೆ ಹತ್ತುವುದೇ ಬೇಡ.

ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮರಗಳಲ್ಲಿ ಹಗ್ಗವನ್ನು ಟೊಂಗೆಯ ನಡುವಿಗಲ್ಲ, ಟೊಂಗೆ ಕವಲೊಡೆಯುವಲ್ಲಿ ಕಾಂಡವನ್ನೇ ಬಳಸಿ ಹಾಕಿ. ಟೊಂಗೆ ಹಸಿಯಾಗಿರಬೇಕು, ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು.

ಜಾರಿ ನೇತಾಡುವವರನ್ನು ಬೇಗ ಇಳಿಸಬೇಕು. ಅಲುಗಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಎಚ್ಚರ ಇದ್ದರೆ ತಳೆಯನ್ನು (ಹತ್ತುವಾಗ ಪಾದಕ್ಕೆ ಹಾಕಿಕೊಳ್ಳುವ ಬಳೆ) ಮರಕ್ಕೆ ಒತ್ತಿ ಕಾಲಿನ ಮೇಲೆ ಭಾರ ಹಾಕುತ್ತಿರಲಿ. ಕೆಳಗೆ ಇನ್ನೊಂದು ಸೆಟ್ಟು ಮತ್ತು ಹತ್ತಬಲ್ಲ ಇನ್ನೊಬ್ಬರು ಇಲ್ಲದೆ ಕೆಲಸ ಶುರು ಮಾಡಬೇಡಿ. 108ಕ್ಕೆ ಫೋನ್ ಮಾಡಿ ಕಾಯುತ್ತ ನಿಲ್ಲುವಷ್ಟು ಹೊತ್ತು ಇರುವುದಿಲ್ಲ.

ಕೊಳೆಗೆ ಹೊಡೆಯುವ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ಮಿಶ್ರಣ) ಹಾರ್ನೆಸ್ಸಿಗೆ ಒಳ್ಳೆಯದಲ್ಲ. ಮೈಲುತುತ್ತ ಲೋಹವನ್ನು ತಿನ್ನುತ್ತದೆ, ಸುಣ್ಣ ಪಾಲಿಯೆಸ್ಟರ್ ಪಟ್ಟಿಯನ್ನು ಸವೆಸುತ್ತದೆ. ಕಾರವಾರ, ಅಂಕೋಲೆಯ ತೆಂಗಿನ ತೋಟಗಳಲ್ಲಿ ಉಪ್ಪುಗಾಳಿಯೂ ಲೋಹವನ್ನು ತಿನ್ನುತ್ತದೆ. ಆಯಾ ದಿನವೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೊಲಿಗೆ ಬಿಟ್ಟಿದ್ದರೆ, ಪಟ್ಟಿ ಗಡುಸಾಗಿದ್ದರೆ, ಒಮ್ಮೆ ಬಿದ್ದ ಜರ್ಕು ತಡೆದಿದ್ದರೆ ಅದನ್ನು ಕತ್ತರಿಸಿ ಎಸೆಯಿರಿ. ಇಡಿಯಾಗಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಯಾರಾದರೂ ಹಾಕಿಕೊಂಡು ಹತ್ತಿಯಾರು.